ನಾಟಕ ಕಲಿಯಲು ಲಂಡನ್ನಿಗೆ: ಹೊರಡುವ ಮುನ್ನ ಹಾಕಬೇಕಾದ ಬೇರೆ ಲೆಕ್ಕ

ವಿದೇಶದಲ್ಲಿ ಓದುವ ವಿಷಯ ಬಂದರೆ ನಮ್ಮ ಮನೆಗಳಲ್ಲಿ ಈಗ ಒಂದು ಸಿದ್ಧ ಲೆಕ್ಕವಿದೆ. ಬ್ಯಾಂಕಿನಿಂದ ಸಾಲ ತೆಗೆಯುವುದು, ಓದುತ್ತಲೇ ಅರೆಕಾಲಿಕ ಕೆಲಸ ಹಿಡಿದು ಊಟ, ಬಾಡಿಗೆ ಸರಿದೂಗಿಸಿಕೊಳ್ಳುವುದು, ಪದವಿ ಮುಗಿದ ಮೇಲೆ ಅಲ್ಲೇ ನೌಕರಿ ಸೇರಿ ನಾಲ್ಕೈದು ವರ್ಷದಲ್ಲಿ ಸಾಲ ತೀರಿಸುವುದು. ಎಂಜಿನಿಯರಿಂಗ್, ಡೇಟಾ ಸೈನ್ಸ್, ಮ್ಯಾನೇಜ್‌ಮೆಂಟ್ ಓದಲು ಹೋದ ಎಷ್ಟೋ ಮಂದಿಗೆ ಈ ಲೆಕ್ಕ ಕೂಡಿಬಂದಿದೆ. ಹಾಗಾಗಿ ಮಗಳು ಬ್ರಿಟನ್ನಿಗೆ ಹೋಗಿ ನಾಟಕ ಕಲಿಯುತ್ತೇನೆ ಎಂದಾಗಲೂ ಅಪ್ಪ ಅಮ್ಮ ಅದೇ ಹಾಳೆಯನ್ನು ಮುಂದಿಟ್ಟುಕೊಂಡು ಕೂರುತ್ತಾರೆ. ತೊಂದರೆ ಏನೆಂದರೆ, ರಂಗಭೂಮಿಯ ಮಟ್ಟಿಗೆ ಆ ಲೆಕ್ಕದ ಮೂರು ಸಾಲೂ ತಪ್ಪುತ್ತವೆ. ಸಾಲ ಸುಲಭಕ್ಕೆ ಹುಟ್ಟುವುದಿಲ್ಲ, ಅರೆಕಾಲಿಕ ಕೆಲಸಕ್ಕೆ ಬಿಡುವಿರುವುದಿಲ್ಲ, ಓದು ಮುಗಿದ ಮೇಲೆ ಸಂಬಳದ ನೌಕರಿ ಎಂಬುದು ನಟರಿಗೆ ಅಲ್ಲಿಯೂ ಅಪರೂಪ. ಹಾಗೆಂದು ಹೋಗಲೇಬಾರದು ಎಂದಲ್ಲ. ಕನ್ನಡದ ವಾತಾವರಣದಿಂದ ಹೊರಡುವ ವಿದ್ಯಾರ್ಥಿ ಮೊದಲು ಇಲ್ಲೇ ಪಳಗಿ, ಸ್ವಲ್ಪ ತಡವಾಗಿ, ಕಡಿಮೆ ಅವಧಿಗೆ ಹೋದರೆ ಹಣಕ್ಕೂ ಕಲಿಕೆಗೂ ಲಾಭ. ಹದಿನೆಂಟಕ್ಕೇ ಮೂರು ವರ್ಷದ ನಟನಾ ಪದವಿಗೆ ಹಾರುವುದು ಬಹುಪಾಲು ಜನರಿಗೆ ಸರಿಯಾದ ದಾರಿಯಲ್ಲ.

ಮೊದಲು ಅಲ್ಲಿನ ದಿನಚರಿ ನೋಡೋಣ, ಏಕೆಂದರೆ ಉಳಿದ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಲಂಡನ್ನಿನಲ್ಲಿ ರಾಡಾ, ಲ್ಯಾಮ್ಡಾ, ಗಿಲ್ಡ್‌ಹಾಲ್, ರಾಯಲ್ ಸೆಂಟ್ರಲ್, ಹೊರಗೆ ಗ್ಲಾಸ್ಗೋದ ರಾಯಲ್ ಕನ್ಸರ್ವಟೋರ್, ಕಾರ್ಡಿಫ್‌ನ ರಾಯಲ್ ವೆಲ್ಶ್ ಕಾಲೇಜು, ಹೀಗೆ ಹೆಸರುವಾಸಿ ಶಾಲೆಗಳಿವೆ. 1904ರಲ್ಲಿ ಹರ್ಬರ್ಟ್ ಬೀರ್‌ಬೋಮ್ ಟ್ರೀ ಎಂಬ ನಟ ಹುಟ್ಟುಹಾಕಿದ್ದು ರಾಡಾ. 1906ರಲ್ಲಿ ಎಲ್ಸಿ ಫೊಗರ್ಟಿ ಎಂಬ ಧ್ವನಿಶಿಕ್ಷಕಿ ಶುರುಮಾಡಿದ್ದು ಸೆಂಟ್ರಲ್. ಈ ಮಾದರಿಯ ಶಾಲೆಗಳಲ್ಲಿ ಬೆಳಿಗ್ಗೆ ಒಂಬತ್ತೂವರೆ, ಹತ್ತಕ್ಕೆ ಶುರುವಾದ ತರಗತಿ ಸಂಜೆ ಆರರವರೆಗೆ ನಡೆಯುತ್ತದೆ, ವಾರಕ್ಕೆ ಐದು ದಿನ. ಕಪ್ಪು ಟೀಶರ್ಟು, ಕಪ್ಪು ಪ್ಯಾಂಟು ತೊಟ್ಟು ನೆಲದ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಿಸಿ, ಉಸಿರು ಪಕ್ಕೆಯೊಳಗೆ ಎಲ್ಲಿಯವರೆಗೆ ಇಳಿಯುತ್ತದೆ ಎಂದು ಗಮನಿಸುವುದರಿಂದ ದಿನ ಆರಂಭವಾಗಬಹುದು. ಅದಾದ ಮೇಲೆ ಚಲನೆ, ಫೊನೆಟಿಕ್ಸ್, ಹಾಡು, ಕತ್ತಿವರಸೆ. ಮಧ್ಯಾಹ್ನ ಒಂದು ದೃಶ್ಯವನ್ನು ಹಿಡಿದು ಅದರ ಪ್ರತಿ ಮಾತಿಗೂ ಒಂದು ಕ್ರಿಯಾಪದ ಹುಡುಕುವ ಕೆಲಸ: ಈ ಮಾತಿನಿಂದ ಎದುರಿನವನನ್ನು ಚುಚ್ಚುತ್ತೇನೆಯೋ, ಸವರುತ್ತೇನೆಯೋ, ಅಡ್ಡಗಟ್ಟುತ್ತೇನೆಯೋ? ರಾತ್ರಿ ಮನೆಗೆ ಬಂದು ಮಾತು ಬಾಯಿಪಾಠ ಮಾಡಬೇಕು. ಕೊನೆಯ ವರ್ಷವಂತೂ ಪ್ರಯೋಗಗಳ ತಾಲೀಮು ಸಂಜೆಯನ್ನೂ ನುಂಗುತ್ತದೆ. ಎಂಎಸ್ಸಿ ವಿದ್ಯಾರ್ಥಿಗೆ ವಾರದಲ್ಲಿ ಹತ್ತು ಹನ್ನೆರಡು ಗಂಟೆ ಪಾಠವಿದ್ದರೆ ಇಲ್ಲಿ ಮೂವತ್ತು ಗಂಟೆ ಮೀರುತ್ತದೆ. ತಡವಾಗಿ ಬಂದವರಿಗೆ ಬಾಗಿಲು ತೆಗೆಯದ ಮೇಷ್ಟರುಗಳೂ ಸಾಮಾನ್ಯ.

ಈಗ ದುಡ್ಡು. 2025ರ ನವೆಂಬರ್‌ನಿಂದ ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ, ಲಂಡನ್ನಿನಲ್ಲಿ ಓದುವುದಾದರೆ ತಿಂಗಳಿಗೆ 1,529 ಪೌಂಡ್‌ನಂತೆ ಒಂಬತ್ತು ತಿಂಗಳ ಜೀವನವೆಚ್ಚವನ್ನು ಖಾತೆಯಲ್ಲಿ ತೋರಿಸಬೇಕು. ಲಂಡನ್ನಿನ ಹೊರಗಾದರೆ ತಿಂಗಳಿಗೆ 1,171 ಪೌಂಡ್. ಆ ಹಣ ಖಾತೆಯಲ್ಲಿ ಸತತ 28 ದಿನ ಕೂತಿರಬೇಕು. ಲಂಡನ್ನಿನ ಲೆಕ್ಕದಲ್ಲಿ ಇದು 13,761 ಪೌಂಡ್. ಪೌಂಡಿಗೆ 115 ರೂಪಾಯಿಯಂತೆ ಹಿಡಿದರೂ ಹದಿನೈದೂಮುಕ್ಕಾಲು ಲಕ್ಷ. ಹೊರದೇಶದ ವಿದ್ಯಾರ್ಥಿಗಳಿಗೆ ಈ ಶಾಲೆಗಳ ಶುಲ್ಕ ಸಾಮಾನ್ಯವಾಗಿ ವರ್ಷಕ್ಕೆ 20 ಸಾವಿರ ಪೌಂಡ್ ದಾಟುತ್ತದೆ, ಅಂದರೆ 23 ಲಕ್ಷಕ್ಕೆ ಕಡಿಮೆಯಿಲ್ಲ. ಇದರ ಮೇಲೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ, ವಿಮಾನ, ಚಳಿಗಾಲದ ಕೋಟು. ಮೂರು ವರ್ಷದ ಪದವಿ ಮುಗಿಯುವ ಹೊತ್ತಿಗೆ ಒಂದು ಕೋಟಿ ರೂಪಾಯಿ ಕರಗಿರುತ್ತದೆ. ಒಂದು ವರ್ಷದ ಎಂಎ ಆದರೆ ನಲವತ್ತು ಲಕ್ಷದ ಆಸುಪಾಸು. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತವೆ. ಅಡಮಾನವಿಲ್ಲದೆ ಹೆಚ್ಚು ಕೊಡುವ ಸಂಸ್ಥೆಗಳು ಮುಂದಿನ ಸಂಬಳವನ್ನು ಅಂದಾಜು ಮಾಡಿ ಕೊಡುವುದರಿಂದ ನಟನೆಯ ಅರ್ಜಿ ಅವರ ಮೇಜಿನ ಮೇಲೆ ಚಂದ ಕಾಣುವುದಿಲ್ಲ. ಅಲ್ಲಿ ದುಡಿದು ಸರಿದೂಗಿಸುತ್ತೇನೆ ಎನ್ನುವವರು ಇದನ್ನೊಮ್ಮೆ ನೋಡಲಿ. ವೀಸಾ ನಿಯಮದಂತೆ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. 21 ತುಂಬಿದವರಿಗೆ 2025ರ ಏಪ್ರಿಲ್‌ನಲ್ಲಿ ನಿಗದಿಯಾದ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್. ಇಪ್ಪತ್ತೂ ಗಂಟೆ ದುಡಿದರೆ ವಾರಕ್ಕೆ 244 ಪೌಂಡ್, ತಿಂಗಳಿಗೆ ಸಾವಿರದ ಚಿಲ್ಲರೆ. ಅದು ಸರ್ಕಾರವೇ ಹೇಳುವ ಜೀವನವೆಚ್ಚಕ್ಕೂ ಸಾಲದು. ಮೇಲೆ ಹೇಳಿದ ದಿನಚರಿಯ ನಡುವೆ ಇಪ್ಪತ್ತು ಗಂಟೆ ಎಲ್ಲಿಂದ ತರುವುದು? ಶನಿವಾರ, ಭಾನುವಾರ ಸೇರಿ ಎಂಟು ಗಂಟೆ ಸಿಕ್ಕರೆ ಹೆಚ್ಚು.

ಇದಕ್ಕಿಂತ ತೊಡಕಿನ ನಿಯಮ ಇನ್ನೊಂದಿದೆ, ಹೊರಡುವವರಿಗೆ ಗೊತ್ತಿರುವುದು ಕಡಿಮೆ. ವಿದ್ಯಾರ್ಥಿ ವೀಸಾದಲ್ಲಿರುವವರು ಸ್ವಂತ ಉದ್ಯೋಗ ಮಾಡುವಂತಿಲ್ಲ. ಕಲಾವಿದರಾಗಿ, ಅಂದರೆ ನಟ, ಗಾಯಕ, ನರ್ತಕರಾಗಿ ಕೆಲಸ ಹಿಡಿಯುವಂತಿಲ್ಲ. ಕೋರ್ಸಿನ ಭಾಗವಾಗಿ ಶಾಲೆಯೇ ಏರ್ಪಡಿಸುವ ತರಬೇತಿಗೆ ಮಾತ್ರ ವಿನಾಯಿತಿ. ಹೋಟೆಲಿನಲ್ಲಿ ತಟ್ಟೆ ತೊಳೆಯಬಹುದು, ಜಾಹೀರಾತಿನಲ್ಲಿ ಎರಡು ಮಾತು ಆಡಿ ಹಣ ಪಡೆಯುವಂತಿಲ್ಲ. ನಟನೆ ಕಲಿಯಲು ಹೋದವರಿಗೆ ನಟನೆಯೇ ನಿಷಿದ್ಧ ಎಂಬ ಈ ವಿಚಿತ್ರ ಸ್ಥಿತಿ ಓದು ಮುಗಿಯುವ ತನಕ ಇರುತ್ತದೆ. ಮುಗಿದ ಮೇಲೆ ಗ್ರಾಜುಯೇಟ್ ವೀಸಾ ಸಿಗುತ್ತದೆ, ಅದರಲ್ಲಿ ನಟಿಸಲು ಅಡ್ಡಿಯಿಲ್ಲ. ಆದರೆ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಆ ಅವಧಿ ಎರಡು ವರ್ಷದಿಂದ ಹದಿನೆಂಟು ತಿಂಗಳಿಗೆ ಇಳಿಯುತ್ತದೆ. ಇಲ್ಲೊಂದು ಗಮನಿಸಬೇಕಾದ ಸಂಗತಿ: ಮೂರು ವರ್ಷ ಓದಿದವರಿಗೂ ಒಂದು ವರ್ಷದ ಎಂಎ ಮಾಡಿದವರಿಗೂ ಸಿಗುವುದು ಅದೇ ಹದಿನೆಂಟು ತಿಂಗಳು. ಆಮೇಲೆ ಉಳಿಯಬೇಕಾದರೆ ಸ್ಕಿಲ್ಡ್ ವರ್ಕರ್ ವೀಸಾ ಬೇಕು, 2025ರ ಜುಲೈನಿಂದ ಅದರ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್. ನಟರಿಗೆ ಕೆಲಸ ಸಿಗುವುದು ನಾಟಕಕ್ಕೆ ಇಷ್ಟು ವಾರ, ಚಿತ್ರೀಕರಣಕ್ಕೆ ಇಷ್ಟು ದಿನ ಎಂದು. ವರ್ಷವಿಡೀ ಆ ಸಂಬಳ ಕೊಟ್ಟು ವೀಸಾಕ್ಕೆ ಹೊಣೆ ನಿಲ್ಲುವ ಧಣಿ ಯಾರು?

ಹಣ, ವೀಸಾ ಎರಡನ್ನೂ ಬದಿಗಿಟ್ಟರೂ ಭಾಷೆಯ ಪ್ರಶ್ನೆ ಉಳಿಯುತ್ತದೆ. ಇದು ಇಂಗ್ಲಿಷ್ ಬರುತ್ತದೆಯೇ ಎಂಬ ಪ್ರಶ್ನೆಯಲ್ಲ. ಐಇಎಲ್‌ಟಿಎಸ್‌ನಲ್ಲಿ ಏಳು ಅಂಕ ತೆಗೆದವರೂ ಮೊದಲ ವಾರವೇ ಧ್ವನಿ ತರಗತಿಯಲ್ಲಿ ತಬ್ಬಿಬ್ಬಾಗುತ್ತಾರೆ. ಕನ್ನಡದ ಕಿವಿ ಲಘು ಗುರುವಿನಲ್ಲಿ ಬೆಳೆದದ್ದು. ಒಂದು ಅಕ್ಷರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರ ಮೇಲೆ ನಮ್ಮ ಮಾತಿನ ಓಟ ನಿಂತಿದೆ, ಪ್ರತಿ ಸ್ವರಕ್ಕೂ ಅದರ ಪೂರ್ತಿ ಪಾಲು ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಲೆಕ್ಕಕ್ಕೆ ಬರುವುದು ಒತ್ತು. ಬನಾನಾ ಎಂದು ನಾವು ಮೂರೂ ಅಕ್ಷರಗಳನ್ನು ತುಂಬಿಸಿ ಹೇಳಿದರೆ ಅವರು ನಡುವಿನದೊಂದನ್ನು ಎತ್ತಿ ಹಿಡಿದು ಉಳಿದೆರಡನ್ನು ನುಂಗುತ್ತಾರೆ. ಶೇಕ್ಸ್‌ಪಿಯರ್‌ನ ಪದ್ಯದ ಸಾಲಿನಲ್ಲಿ ಹತ್ತು ಅಕ್ಷರ, ಐದು ಒತ್ತು. ಕನ್ನಡದ ಅಭ್ಯಾಸದಲ್ಲಿ ಅದನ್ನು ಹೇಳಿದರೆ ಹತ್ತಕ್ಕೆ ಹತ್ತೂ ಸಮನಾಗಿ ಬಡಿಯುತ್ತವೆ. ಟ, ಡ ಹೇಳುವಾಗ ನಾಲಿಗೆಯ ತುದಿ ಹಿಂದಕ್ಕೆ ಮಡಚುವುದನ್ನು ಬಿಡಿಸಲು ತಿಂಗಳುಗಟ್ಟಲೆ ಬೇಕು. ಎಳೆಯ ವಯಸ್ಸಿನಲ್ಲಿ ಇದನ್ನೆಲ್ಲ ಕಲಿಯುವುದು ಸುಲಭ, ನಿಜ. ಆದರೆ ಅಷ್ಟೇ ಸುಲಭವಾಗಿ ಇನ್ನೊಂದೂ ನಡೆದುಹೋಗುತ್ತದೆ. ತನ್ನ ಭಾಷೆಯಲ್ಲಿ ಒಂದು ಪಾತ್ರವನ್ನೂ ಪೂರ್ತಿಯಾಗಿ ಕಟ್ಟಿರದ ಹುಡುಗ ಇಂಗ್ಲಿಷಿನ ಒತ್ತನ್ನೇ ನಟನೆಯ ಒತ್ತು ಎಂದು ತಿಳಿದು, ಊರಿಗೆ ಮರಳಿ ಕನ್ನಡದಲ್ಲಿ ಮಾತಾಡಿದಾಗ ಡಬ್ಬಿಂಗ್ ಧ್ವನಿಯಂತೆ ಕೇಳಿಸುತ್ತಾನೆ. ಮೊದಲೇ ಕನ್ನಡದಲ್ಲಿ ಪಳಗಿದವನಿಗೆ ಈ ಅಪಾಯ ಕಡಿಮೆ. ಅವನಿಗೆ ಎರಡು ಲಯಗಳ ನಡುವಿನ ಅಂತರ ಕೇಳಿಸುತ್ತದೆ. ತಾಳಮದ್ದಳೆಯ ಅರ್ಥಗಾರಿಕೆ ಕೇಳಿ ಬೆಳೆದವನಿಗಂತೂ, ಬರೆದ ಮಾತಿಲ್ಲದೆ ಪಾತ್ರದೊಳಗೆ ನಿಂತು ವಾದ ಹೂಡುವುದು ಏನೆಂದು ಅಲ್ಲಿನ ಸಹಪಾಠಿಗಳಿಗೆ ತೋರಿಸುವಷ್ಟು ಬಂಡವಾಳ ಇರುತ್ತದೆ.

ಹಿಂದೆ ಹೋದವರ ದಾರಿಯೂ ಇದನ್ನೇ ಹೇಳುತ್ತದೆ. ಇಬ್ರಾಹಿಂ ಅಲ್ಕಾಜಿ ರಾಡಾಗೆ ಹೋದದ್ದು ಮುಂಬಯಿಯ ಥಿಯೇಟರ್ ಗ್ರೂಪ್‌ನಲ್ಲಿ ಕೆಲಸ ಮಾಡಿದ ಮೇಲೆ. ಲಂಡನ್ನಿನಲ್ಲಿ ಕಲಿತದ್ದು ಫಲ ಕೊಟ್ಟದ್ದು ಅವರು ಇಲ್ಲಿಗೆ ಬಂದು, 1962ರಿಂದ 1977ರವರೆಗೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನು (ಎನ್‌ಎಸ್‌ಡಿ) ನಡೆಸಿದಾಗ. ಕಾರ್ನಾಡರ ‘ತುಘಲಕ್’ ಬಿ.ವಿ. ಕಾರಂತರ ಅನುವಾದದಲ್ಲಿ ದೆಹಲಿಯ ಹಳೇ ಕೋಟೆಯ ಗೋಡೆಗಳ ನಡುವೆ ನಿಂತದ್ದು ಅಲ್ಕಾಜಿಯವರ ಕೈಯಲ್ಲಿ, ನಮ್ಮ ಬಿ. ಜಯಶ್ರೀ ಆ ಶಾಲೆಯಲ್ಲಿ ಅವರಿಂದ ಕಲಿತವರು. ಹಬೀಬ್ ತನ್ವೀರ್ ಇನ್ನೂ ಸ್ಪಷ್ಟವಾದ ಉದಾಹರಣೆ. ‘ಆಗ್ರಾ ಬಜಾರ್’ ಆಡಿಸಿದ ಮರುವರ್ಷ, 1955ರಲ್ಲಿ, ಮೂವತ್ತು ದಾಟಿದ ವಯಸ್ಸಿನಲ್ಲಿ ಅವರು ರಾಡಾ ಸೇರಿದರು. ಅಲ್ಲಿ ಪೂರ್ತಿ ಉಳಿಯಲಿಲ್ಲ. ಬ್ರಿಸ್ಟಲ್ ಓಲ್ಡ್ ವಿಕ್ ಶಾಲೆಗೆ ಹೋಗಿ ನಿರ್ದೇಶನ ಕಲಿತರು, ಬರ್ಲಿನ್ನಿಗೆ ಹೋಗಿ ಬ್ರೆಖ್ಟ್‌ನ ತಂಡದ ನಾಟಕಗಳನ್ನು ತಿಂಗಳುಗಟ್ಟಲೆ ನೋಡಿದರು, 1958ಕ್ಕೆ ಮರಳಿದರು. ಆಮೇಲೆ ಛತ್ತೀಸಗಢದ ಹಳ್ಳಿಯ ಕಲಾವಿದರೊಡನೆ ಅವರ ಭಾಷೆಯಲ್ಲೇ ಕಟ್ಟಿದ ‘ಚರಣದಾಸ್ ಚೋರ್’ 1982ರಲ್ಲಿ ಎಡಿನ್‌ಬರೊದ ಫ್ರಿಂಜ್ ಉತ್ಸವದಲ್ಲಿ ಫ್ರಿಂಜ್ ಫಸ್ಟ್ ಪ್ರಶಸ್ತಿ ಗೆದ್ದಿತು. ಬ್ರಿಟನ್ನು ಅವರನ್ನು ಗುರುತಿಸಿದ್ದು ಅವರು ಅಲ್ಲಿ ಕಲಿತ ಇಂಗ್ಲಿಷ್ ಉಚ್ಚಾರಕ್ಕಲ್ಲ. ಕನ್ನಡದಲ್ಲೇ ನೋಡುವುದಾದರೆ ನೀನಾಸಂನ ಕೆ.ವಿ. ಅಕ್ಷರ ಮೊದಲು ಎನ್‌ಎಸ್‌ಡಿ ಮುಗಿಸಿ, ಆಮೇಲೆ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಎಂಎ ಮಾಡಿ, ಹೆಗ್ಗೋಡಿಗೆ ಮರಳಿದವರು. ಗೆದ್ದವರನ್ನಷ್ಟೇ ಆರಿಸಿ ತೋರಿಸುತ್ತಿದ್ದೀರಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾದ ಮಾತೇ. ಮೂರು ಹೆಸರಿನಿಂದ ಸಿದ್ಧಾಂತ ಆಗುವುದಿಲ್ಲ. ಆದರೆ ಮೇಲಿನ ಲೆಕ್ಕ ಈ ಹೆಸರುಗಳನ್ನು ನಂಬಿ ನಿಂತಿಲ್ಲ. ಅದು ಗಂಟೆ, ಪೌಂಡು, ವೀಸಾ ಅವಧಿಗಳ ಮೇಲೆ ನಿಂತಿದೆ.

ಗಟ್ಟಿ ಆಕ್ಷೇಪ ಬೇರೆಯೇ ಇದೆ. ನಟನ ದೇಹ, ಕಂಠ ಎರಡೂ ಎಳೆಯದಿರುವಾಗ ತಿದ್ದಬೇಕು. ಮೂರು ವರ್ಷದ ಪದವಿಯಲ್ಲಿ ಆಗುವ ಕೆಲಸ ಒಂದು ವರ್ಷದ ಎಂಎಯಲ್ಲಿ ಆಗದು. ಎಂಎ ಎಂಬುದು ಶಾಲೆಗಳು ಹೊರದೇಶದವರ ಹಣಕ್ಕಾಗಿ ತೆರೆದ ಅಂಗಡಿ. ಇದರಲ್ಲಿ ಅರ್ಧ ಸತ್ಯವಿದೆ. ಉಸಿರಾಟದ ಅಭ್ಯಾಸ ಬದಲಾಗಲು ಕಾಲ ಬೇಕು, ಕೆಲವು ಎಂಎಗಳು ತೆಳುವಾಗಿರುವುದೂ ಹೌದು. ಆದರೆ ಆ ಮೂರು ವರ್ಷದ ಮೊದಲ ಭಾಗ, ಅಂದರೆ ದೇಹವನ್ನು ಬಗ್ಗಿಸುವ, ಗುಂಪಿನಲ್ಲಿ ಬದುಕುವ, ದಿನಾ ರಂಗದ ಮೇಲೆ ನಿಲ್ಲುವ ಅಭ್ಯಾಸ, ಲಂಡನ್ನಿನಲ್ಲಿ ಮಾತ್ರ ಸಿಗುವಂಥದ್ದಲ್ಲ. ಹೆಗ್ಗೋಡಿನಲ್ಲಿ 1980ರಿಂದ ನಡೆಯುತ್ತಿರುವ ನೀನಾಸಂ ರಂಗಶಿಕ್ಷಣ ಕೇಂದ್ರದ ಹತ್ತು ತಿಂಗಳ ಡಿಪ್ಲೊಮಾ, ಅದಾದ ಮೇಲೆ ಸಾಧ್ಯವಾದರೆ ತಿರುಗಾಟದ ತಂಡದಲ್ಲಿ ಒಂದು ಸುತ್ತು, ಮೈಸೂರಿನ ರಂಗಾಯಣದ ರಂಗಶಿಕ್ಷಣ ಕೇಂದ್ರ, ಸಾಣೇಹಳ್ಳಿಯ ರಂಗಶಾಲೆ, ಬೆಂಗಳೂರಿನ ಕಲಾಗ್ರಾಮದಲ್ಲಿರುವ ಎನ್‌ಎಸ್‌ಡಿ ಕೇಂದ್ರ, ದೆಹಲಿಯ ಎನ್‌ಎಸ್‌ಡಿಯ ಮೂರು ವರ್ಷ. ಊರೂರಿನ ಬೇರೆ ಬೇರೆ ರಂಗಮಂದಿರದಲ್ಲಿ, ಒಂದೆಡೆ ಮೈಕು ಕೈಕೊಟ್ಟು ಇನ್ನೊಂದೆಡೆ ಕರೆಂಟು ಹೋಗಿ, ದಿನಕ್ಕೊಂದು ಪ್ರಯೋಗ ಮಾಡಿದ ನಟ ಕಂಠದ ಬಗ್ಗೆ ಕಲಿಯುವುದನ್ನು ಯಾವ ಶಾಲೆಯೂ ಪಠ್ಯದಲ್ಲಿ ಇಟ್ಟಿಲ್ಲ. ಇಲ್ಲಿ ಸೀಟು ಸಿಗುವುದು ಕಷ್ಟ ಎಂಬ ಮಾತೂ ಬರುತ್ತದೆ. ಕಷ್ಟವೇ. ಆದರೆ ರಾಡಾದ ನಟನಾ ಪದವಿಗೆ ವರ್ಷಕ್ಕೆ ಸೇರಿಸಿಕೊಳ್ಳುವುದು ಮೂವತ್ತಕ್ಕಿಂತ ಕಡಿಮೆ ಜನರನ್ನು, ಅದೂ ಪ್ರಪಂಚದ ಎಲ್ಲೆಡೆಯಿಂದ ಬಂದ ಅರ್ಜಿಗಳಲ್ಲಿ.

ಇನ್ನೊಂದು ಆಕ್ಷೇಪ: ಕಾಲ ಬದಲಾಗಿದೆ, ವೆಸ್ಟ್ ಎಂಡ್‌ನಲ್ಲಿ, ಓಟಿಟಿಯಲ್ಲಿ ಕಂದುಬಣ್ಣದ ನಟರಿಗೆ ಈಗ ದೊಡ್ಡ ಪಾತ್ರ ಸಿಗುತ್ತಿದೆ, 2020ರ ನಂತರ ಶಾಲೆಗಳೂ ಎಲ್ಲರಿಗೂ ಒಂದೇ ಉಚ್ಚಾರ ಹೇರುವುದನ್ನು ಸಡಿಲಿಸಿವೆ. ಎಲ್ಲವೂ ನಿಜ. ಆದರೆ ಆ ಪಾತ್ರಗಳಿಗೆ ಮೊದಲ ಪೈಪೋಟಿ ಬ್ರಿಟನ್ನಿನಲ್ಲೇ ಹುಟ್ಟಿ ಬೆಳೆದ ಏಷ್ಯನ್ ನಟರದು. ಅವರಿಗೆ ವೀಸಾದ ಗಡಿಯಾರ ಇಲ್ಲ, ಬರ್ಮಿಂಗ್‌ಹ್ಯಾಮಿನ ಉಚ್ಚಾರ ತಾಯಿಮನೆಯದು. ಲ್ಯಾಮ್ಡಾದಲ್ಲಿ ಕಲಿತು ಅಲ್ಲೇ ರಂಗಭೂಮಿಯಲ್ಲಿ ದುಡಿದ ರೋಶನ್ ಸೇಠ್‌ರಂಥ ನಟರೇ 1970ರ ದಶಕದ ಕೊನೆಯಲ್ಲಿ ಬೇಸತ್ತು ನಟನೆ ಬಿಟ್ಟು ಭಾರತಕ್ಕೆ ಮರಳಿದ್ದರು. ‘ಗಾಂಧಿ’ ಸಿನಿಮಾದ ನೆಹರೂ ಪಾತ್ರ ಅವರನ್ನು ಹುಡುಕಿಕೊಂಡು ಬಂದದ್ದು ಆಮೇಲೆ. ಕಲಾವಿದರಾಗಿ ಬ್ರಿಟನ್ನಿನಲ್ಲಿ ನೆಲೆಸಲು ಇರುವ ಒಳ್ಳೆಯ ಬಾಗಿಲು ಗ್ಲೋಬಲ್ ಟ್ಯಾಲೆಂಟ್ ವೀಸಾ. ಅದಕ್ಕೆ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್ ಅನುಮೋದನೆ ಕೊಡಬೇಕು, ಅದು ನೋಡುವುದು ಇತ್ತೀಚಿನ ವರ್ಷಗಳ ವೃತ್ತಿಪರ ಕೆಲಸವನ್ನು: ಪತ್ರಿಕೆಗಳ ವಿಮರ್ಶೆ, ಪ್ರಶಸ್ತಿ, ಆಡಿದ ನಾಟಕಗಳು. ವೃತ್ತಿಯಾಗಿ ನಟಿಸುವುದೇ ನಿಷಿದ್ಧವಾದ ವಿದ್ಯಾರ್ಥಿ ಜೀವನದಲ್ಲಿ ಆ ಕಡತ ಬೆಳೆಯುವುದಿಲ್ಲ. ಬೆಳೆಯುವುದಿದ್ದರೆ ಹೋಗುವ ಮೊದಲು, ಬೆಂಗಳೂರು, ಮೈಸೂರು, ಧಾರವಾಡದಲ್ಲಿ.

ವಿದ್ಯಾರ್ಥಿವೇತನಗಳೂ ಇದೇ ಜಾಡಿನಲ್ಲಿವೆ. ಚೀವನಿಂಗ್ ಕೊಡುವುದು ಒಂದು ವರ್ಷದ ಸ್ನಾತಕೋತ್ತರಕ್ಕೆ. ಎರಡು ವರ್ಷದ ಕೆಲಸದ ಅನುಭವ ಕೇಳುತ್ತದೆ, ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬ ಕರಾರೂ ಇದೆ. ಇನ್‌ಲ್ಯಾಕ್ಸ್ ಶಿವದಾಸಾನಿ ಪ್ರತಿಷ್ಠಾನ ಒಂದು ಲಕ್ಷ ಡಾಲರ್‌ವರೆಗೆ ಕೊಡುತ್ತದೆ, ಮೂವತ್ತರೊಳಗಿನ ಪದವೀಧರರಿಗೆ. ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ಕಲೆ ಮತ್ತು ಪರಂಪರೆಯ ಕ್ಷೇತ್ರದಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವವರಿಗೆ ಬ್ರಿಟನ್ನಿನಲ್ಲಿ ಅಲ್ಪಾವಧಿಗೆ ಕಲಿಯಲು ನೆರವಾಗುತ್ತದೆ. ಪಿಯುಸಿ ಮುಗಿಸಿದ ಹುಡುಗನ ಮೂರು ವರ್ಷದ ನಟನಾ ಪದವಿಗೆ ಪೂರ್ತಿ ಹಣ ಕೊಡುವ ದಾರಿ ಇವುಗಳಲ್ಲಿ ಒಂದೂ ಇಲ್ಲ. ಬ್ರಿಟನ್ನೊಂದನ್ನೇ ನೋಡಬೇಕಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ನಾಟಕ ಶಾಲೆ, ಡೇವಿಡ್ ಗೆಫೆನ್ 15 ಕೋಟಿ ಡಾಲರ್ ಕೊಟ್ಟ ಮೇಲೆ, 2021ರಿಂದ ಬೋಧನಾ ಶುಲ್ಕ ತೆಗೆದುಹಾಕಿದೆ. ಸೇರುವುದು ಮಾತ್ರ ಬಹಳ ಕಷ್ಟ. ಬರ್ಲಿನ್ನಿನ ಅರ್ನ್‌ಸ್ಟ್ ಬುಶ್‌ನಂಥ ಸರ್ಕಾರಿ ಶಾಲೆಗಳು ಅಗ್ಗ, ಆದರೆ ಅಲ್ಲಿ ಜರ್ಮನ್‌ನಲ್ಲೇ ನಟಿಸಬೇಕು. ನಮ್ಮವರು ಇನ್ನೂ ಗಂಭೀರವಾಗಿ ನೋಡಬೇಕಾದದ್ದು ಸಿಂಗಪುರದ ಇಂಟರ್‌ಕಲ್ಚರಲ್ ಥಿಯೇಟರ್ ಇನ್‌ಸ್ಟಿಟ್ಯೂಟ್. ಕುವೊ ಪಾವ್ ಕುನ್ ಮತ್ತು ಟಿ. ಶಶಿಧರನ್ ಕಟ್ಟಿದ ಈ ಶಾಲೆಯಲ್ಲಿ ಮೂರು ವರ್ಷದ ತರಬೇತಿಯ ಒಳಗೇ ಕೂಡಿಯಾಟ್ಟಂ, ಜಪಾನಿನ ನೋ, ಬೀಜಿಂಗ್ ಒಪೆರಾ, ಜಾವಾದ ವಾಯಾಂಗ್ ವೊಂಗ್ ಕಲಿಸುತ್ತಾರೆ. ಯಕ್ಷಗಾನದ ಹೆಜ್ಜೆ ಗೊತ್ತಿರುವವರಿಗೆ ಇದು ಲಂಡನ್ನಿಗಿಂತ ಹತ್ತಿರದ ಮನೆ. ಮೂರು ವರ್ಷದ ಕೋರ್ಸುಗಳನ್ನೆಲ್ಲ ಸಾರಾಸಗಟಾಗಿ ತಳ್ಳಿಹಾಕಲಾಗದು ಎಂಬುದಕ್ಕೆ ಇದೇ ಸಾಕ್ಷಿ.

ಹೋಗುವುದೆಂದು ನಿಶ್ಚಯಿಸಿದವರು ಆಡಿಷನ್ನಿಗೆ ಕನಿಷ್ಠ ಆರು ತಿಂಗಳು ಮೊದಲೇ ತಯಾರಿಗೆ ಕೂರಬೇಕು. ಮಾದರಿ ಬಹುತೇಕ ಒಂದೇ: ಶೇಕ್ಸ್‌ಪಿಯರ್ ಅಥವಾ ಅವನ ಕಾಲದವರ ಒಂದು ಸ್ವಗತ, ಆಧುನಿಕ ನಾಟಕದ ಇನ್ನೊಂದು, ಎರಡೂ ತಲಾ ಎರಡು ನಿಮಿಷದ ಆಸುಪಾಸು, ಕೆಲವೆಡೆ ಒಂದು ಹಾಡೂ ಬೇಕು. ಮೊದಲ ಸುತ್ತು ಈಗ ಹೆಚ್ಚಾಗಿ ವಿಡಿಯೊದಲ್ಲೇ. ನಿಮ್ಮ ವಯಸ್ಸಿಗೆ ಹತ್ತಿರದ ಪಾತ್ರ ಆರಿಸಿ. ಇಪ್ಪತ್ತರ ಹುಡುಗ ಲಿಯರ್ ಆಗುವುದು ನೋಡಲು ಆಯ್ಕೆದಾರರಿಗೆ ತಾಳ್ಮೆ ಇರುವುದಿಲ್ಲ. ಆಧುನಿಕ ತುಣುಕಿಗೆ ಇಂಗ್ಲಿಷ್ ನಾಟಕವನ್ನೇ ಹುಡುಕಬೇಕೆಂದಿಲ್ಲ. ಕಾರ್ನಾಡರು ಸ್ವತಃ ಇಂಗ್ಲಿಷಿಗೆ ತಂದ ‘ತುಘಲಕ್’, ‘ಹಯವದನ’ ಇವೆ, ಶಾಲೆಯ ನಿಯಮ ಒಪ್ಪಿದರೆ ಅವು ಸಾವಿರ ಸಲ ಕೇಳಿದ ತುಣುಕುಗಳ ನಡುವೆ ಹೊಸದಾಗಿ ಕೇಳಿಸುತ್ತವೆ. ಶೇಕ್ಸ್‌ಪಿಯರ್‌ನ ತುಣುಕು ಹಿಡಿಯುವ ಮೊದಲು ಆ ನಾಟಕದ ಕನ್ನಡ ರೂಪವನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು. ಡಿವಿಜಿಯವರ ‘ಮ್ಯಾಕ್‌ಬೆತ್’, ‘ಹ್ಯಾಮ್ಲೆಟ್’ ಅನ್ನು ಕನ್ನಡದ ನೆಲಕ್ಕೆ ತಂದ ಕುವೆಂಪು ಅವರ ‘ರಕ್ತಾಕ್ಷಿ’ ಕೈಗೆ ಸಿಗುವಂಥವು. ಅರ್ಥ ಮೊದಲು ಮೈಗೆ ಹತ್ತಿದರೆ ಲಯ ಆಮೇಲೆ ಬರುತ್ತದೆ. ವಿಡಿಯೊ ಮಾಡುವಾಗ ಫೋನು ಅಡ್ಡ ಹಿಡಿದು, ಹಿಂದೆ ಖಾಲಿ ಗೋಡೆ, ಬೆಳಕು ಮುಖದ ಎದುರಿಗೆ, ಕಣ್ಣು ಲೆನ್ಸಿನ ಪಕ್ಕಕ್ಕೆ. ಫ್ಯಾನು ಆರಿಸಿ. ನಮ್ಮ ಹವ್ಯಾಸಿ ರಂಗಭೂಮಿಯ ನಟರು ಸಾಮಾನ್ಯವಾಗಿ ಮಾಡುವ ತಪ್ಪು, ಕೊನೆಯ ಸಾಲಿನ ಪ್ರೇಕ್ಷಕನಿಗೆ ಕೇಳಿಸುವಂತೆ ಕ್ಯಾಮೆರಾಕ್ಕೂ ಕೂಗುವುದು. ಮೂರು ಅಡಿ ದೂರದಲ್ಲಿ ಕೂತವರಿಗೆ ಹೇಳುವಷ್ಟೇ ಸಾಕು. ಅರ್ಜಿಯ ದಾರಿ ಒಂದೊಂದು ಶಾಲೆಗೆ ಒಂದೊಂದು: ಕೆಲವಕ್ಕೆ ನೇರ, ಕೆಲವಕ್ಕೆ ಯೂಕಾಸ್ ಎಂಬ ಕೇಂದ್ರೀಯ ಅರ್ಜಿ ವ್ಯವಸ್ಥೆ, ಇನ್ನು ಕೆಲವಕ್ಕೆ ಯೂಕಾಸ್ ಕನ್ಸರ್ವಟೋರ್ಸ್. ಆಡಿಷನ್ ಶುಲ್ಕಕ್ಕೆ ವಿನಾಯಿತಿ ಕೇಳಿದರೆ ಸಿಗುವುದುಂಟು, ಕೇಳಲು ಸಂಕೋಚ ಬೇಡ. ಇಷ್ಟಕ್ಕೂ ಮೊದಲು ಒಂದು ಬೇಸಿಗೆ ಕೋರ್ಸು ಮಾಡಿ ನೋಡುವುದು ಜಾಣತನ. ಆರು ತಿಂಗಳೊಳಗಿನ ಓದಿಗೆ ಸಂದರ್ಶಕ ವೀಸಾ ಸಾಕು, ಹಲವು ಶಾಲೆಗಳು ಕೆಲವೇ ವಾರಗಳ ಶೇಕ್ಸ್‌ಪಿಯರ್ ಕೋರ್ಸು ನಡೆಸುತ್ತವೆ.

ಒಂದು ವರ್ಷ ಎಂದರೆ ಸೆಪ್ಟೆಂಬರ್‌ನಿಂದ ಸೆಪ್ಟೆಂಬರ್. ಡಿಸೆಂಬರ್‌ನಲ್ಲಿ ಲಂಡನ್ನಿನ ಸೂರ್ಯ ಸಂಜೆ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ, ತರಗತಿ ಬಿಟ್ಟು ಹೊರಬರುವಾಗ ಕತ್ತಲಾಗಿ ಎರಡು ಗಂಟೆ ಕಳೆದಿರುತ್ತದೆ. ಹಾಗಾಗಿ ಬಾಡಿಗೆ ಅಗ್ಗವೆಂದು ಒಂದೂವರೆ ಗಂಟೆ ದೂರದಲ್ಲಿ ಮನೆ ಹಿಡಿದವರು ಜನವರಿಗೆ ಸೊರಗುತ್ತಾರೆ. ಊಟದಲ್ಲಿ ಉಳಿಸಿ, ದೂರದಲ್ಲಿ ಉಳಿಸಬೇಡಿ. ಲಂಡನ್ ಸಾರಿಗೆಯ ವಿದ್ಯಾರ್ಥಿ ಆಯ್‌ಸ್ಟರ್ ಕಾರ್ಡಿನಲ್ಲಿ ಟ್ರಾವೆಲ್‌ಕಾರ್ಡಿಗೆ ಶೇಕಡಾ 30 ರಿಯಾಯಿತಿ ಇದೆ. ಬಂದ ವಾರವೇ ಹತ್ತಿರದ ವೈದ್ಯರಲ್ಲಿ ಹೆಸರು ನೋಂದಾಯಿಸಿ, ಆರೋಗ್ಯ ಶುಲ್ಕ ಆಗಲೇ ಕಟ್ಟಿರುತ್ತೀರಿ. ಮೊದಲ ಚಳಿಯಲ್ಲಿ ಗಂಟಲು ಕೂರುವುದು ನಮ್ಮವರಿಗೆ ಬಹುತೇಕ ಖಾತ್ರಿ, ಕೂತ ಗಂಟಲಲ್ಲಿ ಧ್ವನಿ ತರಗತಿ ಮಾಡಿ ಹಾಳುಮಾಡಿಕೊಳ್ಳುವುದಕ್ಕಿಂತ ಒಂದು ವಾರ ನೋಡುತ್ತಾ ಕೂರುವುದು ಮೇಲು. ತರಗತಿಯಷ್ಟೇ ಬೆಲೆಯ ಕಲಿಕೆ ಊರಿನಲ್ಲಿದೆ, ಬಹಳಷ್ಟು ಅಗ್ಗಕ್ಕೆ. ಗ್ಲೋಬ್ ರಂಗಮಂದಿರದ ಅಂಗಳದಲ್ಲಿ ಏಳುನೂರು ಜನ ನಿಂತು ನೋಡಬಹುದು, ಲಂಡನ್ನಿನಲ್ಲಿ ಅತಿ ಅಗ್ಗದ ಟಿಕೆಟ್ಟುಗಳಲ್ಲಿ ಅದೊಂದು. ನ್ಯಾಷನಲ್ ಥಿಯೇಟರ್ ಮುಂದಿನ ವಾರದ ಕೆಲವು ಟಿಕೆಟ್ಟುಗಳನ್ನು ಶುಕ್ರವಾರ 10 ಪೌಂಡಿಗೆ ಬಿಡುತ್ತದೆ. ಅದರ ದಾಖಲೆ ಕೇಂದ್ರ ‘ದ ಕಟ್’ ಎಂಬ ರಸ್ತೆಯಲ್ಲಿದೆ. ಮೊದಲೇ ಸಮಯ ಕೇಳಿ ಹೋದರೆ ಹಿಂದಿನ ಪ್ರಯೋಗಗಳ ಚಿತ್ರಣವನ್ನು ಉಚಿತವಾಗಿ ನೋಡಬಹುದು, ಪ್ರಾಂಪ್ಟ್ ಪುಸ್ತಕಗಳನ್ನು ತಿರುವಬಹುದು. ವಿ ಆಂಡ್ ಎ ವಸ್ತುಸಂಗ್ರಹಾಲಯದಲ್ಲೂ ಇಂಥ ಸಂಗ್ರಹವಿದೆ. ಒಂದೇ ದೃಶ್ಯವನ್ನು ಮೂವರು ನಿರ್ದೇಶಕರು ಹೇಗೆ ನಿಲ್ಲಿಸಿದರು ಎಂದು ಒಂದೇ ಮಧ್ಯಾಹ್ನ ಕೂತು ನೋಡುವ ಅವಕಾಶ ನಮ್ಮಲ್ಲಿಲ್ಲ, ಮೂರು ಕೋಟು ಕಡಿಮೆ ಕೊಂಡಾದರೂ ಅದಕ್ಕೆ ಬಿಡುವು ಮಾಡಿಕೊಳ್ಳಬೇಕು.

ಇಷ್ಟೂ ವಾದ ನಟನೆಗೆ ಹೋಗುವವರ ಕುರಿತದ್ದು. ಬೆಳಕು, ಧ್ವನಿ, ರಂಗಸಜ್ಜಿಕೆ, ಸ್ಟೇಜ್ ಮ್ಯಾನೇಜ್‌ಮೆಂಟ್ ಕಲಿಯುವವರಿಗೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಉಚ್ಚಾರ ಅಡ್ಡ ಬರುವುದಿಲ್ಲ, ಕೆಲಸವೂ ಹೆಚ್ಚು ಸಿಗುತ್ತದೆ, ನಮ್ಮಲ್ಲಿ ಈ ವಿದ್ಯೆಗಳ ತರಬೇತಿ ತೀರಾ ತೆಳು. ಕನ್ನಡದಲ್ಲಿ ಒಳ್ಳೆಯ ನಟರಿಗಿಂತ ಒಳ್ಳೆಯ ಸ್ಟೇಜ್ ಮ್ಯಾನೇಜರುಗಳ ಬರ ದೊಡ್ಡದು ಎಂದರೆ ಅತಿಶಯವಾಗದು. ಮೂರು ವರ್ಷ ಹೂಡುವುದಿದ್ದರೆ ಈ ವಿದ್ಯೆಗಳಿಗೆ ಹೂಡಬಹುದು. ಯಾವ ಕೋರ್ಸಾದರೂ ಸರಿ, ಮುಂಗಡ ಕಟ್ಟುವ ಮೊದಲು ಶಾಲೆಗೆ ಮೂರು ಪ್ರಶ್ನೆ ಬರೆದು ಕೇಳಿ, ಉತ್ತರವೂ ಬರಹದಲ್ಲೇ ಇರಲಿ. ವಿದ್ಯಾರ್ಥಿ ವೀಸಾಕ್ಕೆ ಪ್ರಾಯೋಜಕರಾಗಲು ನಿಮಗೆ ಪರವಾನಗಿ ಇದೆಯೇ? ವಾರಕ್ಕೆ ಎಷ್ಟು ಗಂಟೆ ಪಾಠ, ಒಂದು ತರಗತಿಯಲ್ಲಿ ಎಷ್ಟು ಜನ? ನಡುವೆ ಶಾಲೆ ಮುಚ್ಚಿದರೆ ನಮ್ಮ ಗತಿ ಏನು? ಕೊನೆಯ ಪ್ರಶ್ನೆ ಕೇಳಲು ಕಾರಣವಿದೆ. ಲಂಡನ್ ಮತ್ತು ವಿಗನ್‌ನಲ್ಲಿ ನಡೆಯುತ್ತಿದ್ದ ಆಲ್ರಾ ಎಂಬ ನಾಟಕಶಾಲೆ 2022ರ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ರೋಸ್ ಬ್ರೂಫರ್ಡ್ ಕಾಲೇಜು ಅಲ್ಲಿನ ವಿದ್ಯಾರ್ಥಿಗಳಿಗೆ ಜಾಗ ಕೊಟ್ಟಿತು. ಆದರೆ ಹೊರದೇಶದವರ ವೀಸಾ ಶಾಲೆಯ ಹೆಸರಿಗೇ ಕಟ್ಟಿಕೊಂಡಿರುತ್ತದೆ. ಶಾಲೆ ಬದಲಾದರೆ ಹೊಸ ಅರ್ಜಿ, ಹೊಸ ಶುಲ್ಕ, ಮತ್ತೆ 28 ದಿನ ಖಾತೆಯಲ್ಲಿ ಹಣ. ಇಂಥ ಸಂದರ್ಭಕ್ಕೆ ವಿದ್ಯಾರ್ಥಿ ರಕ್ಷಣಾ ಯೋಜನೆ ಎಂಬ ದಾಖಲೆಯನ್ನು ಇಂಗ್ಲೆಂಡಿನ ನೋಂದಾಯಿತ ಉನ್ನತ ಶಿಕ್ಷಣ ಸಂಸ್ಥೆಗಳು ಪ್ರಕಟಿಸುತ್ತವೆ. ಪ್ರಾಸ್ಪೆಕ್ಟಸ್ಸಿನ ಜೊತೆಗೆ ಅದನ್ನೂ ತರಿಸಿಕೊಂಡು ಓದಿ.